ಹೊಲಿಗೆ ಸಂವಾದ: ವಿಕ್ಟೋರಿಯಾ ಕಾಲದ ಮಾದರಿಯ ಮದುವೆ ಗೌನು

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ಉಡುಪಿನ ಬಗ್ಗೆ ಇದ್ದುದರಿಂದ ಅಂಕಣದ ಪೂರ್ತಿ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಓದುಗರ ಊರುಗಳನ್ನಷ್ಟೇ ಉಳಿಸಿಕೊಂಡು ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಶಿವಮೊಗ್ಗದವಳು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾದವು. ಮುಂದಿನ ಬೇಸಿಗೆಗೆ ಮಗಳ ಮದುವೆ ನಿಶ್ಚಯವಾಗಿದೆ, ಹುಡುಗ ಇಲ್ಲಿಯವನೇ. ಧಾರೆಗೆ ನನ್ನ ತಾಯಿಯ ರೇಷ್ಮೆ ಸೀರೆ ಉಡುತ್ತಾಳೆ. ಚರ್ಚಿನಲ್ಲಿ ನಡೆಯುವ ವಿಧಿಗೆ ಮಾತ್ರ ವಿಕ್ಟೋರಿಯಾ ಕಾಲದ ಮಾದರಿಯ ಗೌನು ಬೇಕೆಂದೂ, ಅದನ್ನು ಅಂಗಡಿಯಲ್ಲಿ ಕೊಳ್ಳದೆ ನಾನೇ ಕೈಯಾರೆ ಹೊಲಿದುಕೊಡಬೇಕೆಂದೂ ಆಸೆಪಟ್ಟಿದ್ದಾಳೆ. ರವಿಕೆ, ಲಂಗ, ಮಕ್ಕಳ ಫ್ರಾಕು ಎಲ್ಲವನ್ನೂ ಹೊಲಿದಿದ್ದೇನೆ, ಗೌನನ್ನು ಹೊಲಿದಿಲ್ಲ. ಎಂಟು ತಿಂಗಳ ಕಾಲಾವಕಾಶವಿದೆ. ಎಲ್ಲಿಂದ ಆರಂಭಿಸಲಿ?
— ಎಕ್ಸೆಟರ್‌ನಿಂದ ಒಬ್ಬ ತಾಯಿ

ಉತ್ತರ: ಮೊದಲು ದಶಕವನ್ನು ನಿಶ್ಚಯಿಸಿಕೊಳ್ಳಿ, ಬಟ್ಟೆಯನ್ನು ಆಮೇಲೆ ಕೊಳ್ಳಿ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ, ಅಂದರೆ ಅರವತ್ತಮೂರು ವರ್ಷಗಳಿಗೂ ಹೆಚ್ಚು ಕಾಲ. ಅಷ್ಟರಲ್ಲಿ ಹೆಂಗಸರ ಉಡುಪಿನ ಆಕಾರ ನಾಲ್ಕೈದು ಬಾರಿ ಬದಲಾಯಿತು. 1840ರ ದಶಕದಲ್ಲಿ ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿರುತ್ತಿತ್ತು, ಕುಪ್ಪಸದ ಮುಂಭಾಗ ಸೊಂಟದ ಕೆಳಗೆ ಚೂಪಾಗಿ ಮುಗಿಯುತ್ತಿತ್ತು, ಲಂಗ ಗಂಟೆಯ ಹಾಗೆ ದುಂಡಗೆ ಇಳಿಯುತ್ತಿತ್ತು. 1856ರ ಹೊತ್ತಿಗೆ ಉಕ್ಕಿನ ಬಳೆಗಳನ್ನು ಪೋಣಿಸಿದ ಕ್ರಿನೊಲಿನ್ ಎಂಬ ಒಳಲಂಗ ಬಂದು ಲಂಗದ ಸುತ್ತಳತೆ ವಿಪರೀತವಾಗಿ ಹಿಗ್ಗಿತು. 1870ರ ಸುಮಾರಿಗೆ ಆ ಅಗಲವೆಲ್ಲ ಬೆನ್ನ ಹಿಂದಕ್ಕೆ ಸರಿದು ಬಸಲ್ ಎಂಬ ಮೆತ್ತೆಯ ಮೇಲೆ ಕುಳಿತಿತು, 1890ರ ದಶಕದ ನಡುವೆ ತೋಳು ಬಲೂನಿನಂತೆ ಉಬ್ಬಿತು. ಮಗಳು ತೋರಿಸಿದ ಚಿತ್ರಗಳಲ್ಲಿ ಇವೆಲ್ಲ ಬೆರೆತಿರುವ ಸಂಭವವೇ ಹೆಚ್ಚು. ಒಂದರ ತೋಳು, ಇನ್ನೊಂದರ ಲಂಗ, ಮತ್ತೊಂದರ ಕೊರಳು ಸೇರಿಸಿದ ಗೌನು ಎಷ್ಟೇ ದುಬಾರಿಯಾದರೂ ನಾಟಕದ ವೇಷದಂತೆ ಕಾಣುತ್ತದೆ.

ನಿಮಗೆ ನಾನು 1840ರ ದಶಕವನ್ನೇ ಸೂಚಿಸುತ್ತೇನೆ. ಆ ಕಾಲದ ಲಂಗಕ್ಕೆ ಕಷ್ಟದ ಕತ್ತರಿಕೆ ಇಲ್ಲ. ಬಟ್ಟೆಯ ಪೂರ್ಣ ಅಗಲದ ಐದಾರು ಪಟ್ಟಿಗಳನ್ನು ನೇರವಾಗಿ ಜೋಡಿಸಿ ಸೊಂಟಕ್ಕೆ ನೆರಿಗೆ ಹಿಡಿದರೆ ಮುಗಿಯಿತು. ಕಷ್ಟವೆಲ್ಲ ಕುಪ್ಪಸದಲ್ಲಿದೆ, ಅದು ರವಿಕೆ ಹೊಲಿದ ಕೈಗೆ ಒಗ್ಗುವ ಕೆಲಸ. ಜೊತೆಗೆ ನೀವಿರುವುದು ಡೆವನ್ ಪ್ರಾಂತದಲ್ಲಿ. ನಿಮ್ಮೂರಿಗೆ ಹತ್ತಿರದ ಕಿಲ್ಲರ್ಟನ್ ಭವನದಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಹಳೆಯ ಉಡುಪುಗಳ ದೊಡ್ಡ ಸಂಗ್ರಹವಿದೆ. ಎಕ್ಸೆಟರ್‌ನ ರಾಯಲ್ ಆಲ್ಬರ್ಟ್ ಮೆಮೋರಿಯಲ್ ಮ್ಯೂಸಿಯಂನಲ್ಲಿಯೂ ಹೋನಿಟನ್ ಪಟ್ಟಣದ ಆಲ್‌ಹ್ಯಾಲೋಸ್ ಮ್ಯೂಸಿಯಂನಲ್ಲಿಯೂ ಆ ಸೀಮೆಯ ಲೇಸಿನ ಸಂಗ್ರಹಗಳಿವೆ. ಕತ್ತರಿ ಹಿಡಿಯುವ ಮುನ್ನ ಎರಡು ದಿನ ಇವುಗಳಿಗಾಗಿ ತೆಗೆದಿಡಿ, ಪ್ರದರ್ಶನದಲ್ಲಿರುವ ಉಡುಪಿನ ಒಳಭಾಗ ಎಲ್ಲಾದರೂ ಕಾಣುವಂತಿದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ.

ಒಳಭಾಗದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಾವು ರವಿಕೆಗೆ ಅಸ್ತರು ಕೊಡುವಾಗ ಹಲವೊಮ್ಮೆ ಅದನ್ನು ಬೇರೆಯಾಗಿ ಹೊಲಿದು ಕೊನೆಗೆ ಸೇರಿಸುತ್ತೇವೆ. ಆ ಕಾಲದ ಕುಪ್ಪಸದಲ್ಲಿ ರೇಷ್ಮೆಯ ಒಂದೊಂದು ತುಂಡನ್ನೂ ಅದೇ ಅಳತೆಯ ಗಟ್ಟಿ ಹತ್ತಿಬಟ್ಟೆಯ ತುಂಡಿನ ಮೇಲೆ ಹಾಸಿ, ಅಂಚಿನ ಸುತ್ತ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂದು ಭಾವಿಸಿ ಮುಂದೆ ಹೊಲಿಯುತ್ತಿದ್ದರು. ಎಳೆತವನ್ನೆಲ್ಲ ಹತ್ತಿ ಹೊರುತ್ತದೆ, ರೇಷ್ಮೆ ಮೇಲೆ ನಿರಾತಂಕವಾಗಿ ಕೂರುತ್ತದೆ. ಡಾರ್ಟುಗಳ (ಮೈಗೆ ಹೊಂದುವಂತೆ ಬಟ್ಟೆಯನ್ನು ಚೂಪಾಗಿ ಮಡಿಸಿ ಹಾಕುವ ಹೊಲಿಗೆಗಳ) ಮತ್ತು ಪಕ್ಕದ ಹೊಲಿಗೆಗಳ ಒಳಗೆ ಕಿರಿದಾದ ಗವಸು ಹೊಲಿದು ಅದರಲ್ಲಿ ತಿಮಿಂಗಿಲದ ಬಾಯಿಯೊಳಗಿನ ಬಾಗುವ ಪಟ್ಟಿಯನ್ನು ತೂರಿಸುತ್ತಿದ್ದರು. ಈಗ ಅದೇ ಗುಣದ ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ, ಬಿಸಿನೀರಿನ ಹಬೆಯಲ್ಲಿ ಮೈಯ ತಿರುವಿಗೆ ತಕ್ಕಂತೆ ಬಗ್ಗಿಸಿಕೊಳ್ಳಬಹುದು. ಸೊಂಟದ ಒಳಗೆ ಅಗಲವಾದ ಗಟ್ಟಿ ಪಟ್ಟಿಯೊಂದನ್ನು ಅಲ್ಲಲ್ಲಿ ಮಾತ್ರ ಹಿಡಿದು ಹೊಲಿದು, ಎಲ್ಲಕ್ಕಿಂತ ಮೊದಲು ಅದರ ಹುಕ್ಕು ಹಾಕುವಂತಿರಬೇಕು. ಆ ಪಟ್ಟಿ ಬಿಗಿಯಾಗಿ ಕೂತರೆ ಕುಪ್ಪಸ ಮೇಲಕ್ಕೆ ಏರುವುದಿಲ್ಲ. ಲೇಸು, ಮುತ್ತು, ಹೂವುಗಳ ಮೇಲೆ ತಿಂಗಳುಗಟ್ಟಲೆ ಕಳೆದು ಈ ಒಳಕೆಲಸವನ್ನು ಒಂದು ವಾರದಲ್ಲಿ ಮುಗಿಸಿದವರ ಗೌನುಗಳನ್ನು ನೋಡಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಂಕುಳಿನ ಕೆಳಗೆ ಸುಕ್ಕು ಬಿದ್ದು ವಧು ದಿನವಿಡೀ ಅದನ್ನು ಕೆಳಗೆ ಎಳೆದುಕೊಳ್ಳುತ್ತಲೇ ಇರುತ್ತಾಳೆ. ನಿಮ್ಮ ಎಂಟು ತಿಂಗಳಲ್ಲಿ ಐದನ್ನು ಯಾರ ಕಣ್ಣಿಗೂ ಬೀಳದ ಈ ಭಾಗಕ್ಕೆ ಕೊಡಿ.

ಕೆಲಸದ ಕ್ರಮವೂ ಒಳಗಿನಿಂದ ಹೊರಗೆ ಸಾಗಬೇಕು. ಮೊದಲು ಕಾರ್ಸೆಟ್ ಎಂಬ ಬಿಗಿಯುವ ಒಳಕುಪ್ಪಸ ಮತ್ತು ಒಳಲಂಗಗಳು ಸಿದ್ಧವಾಗಲಿ. ಅವನ್ನು ಮಗಳಿಗೆ ತೊಡಿಸಿ, ಮದುವೆಯ ದಿನ ಹಾಕಿಕೊಳ್ಳುವ ಪಾದರಕ್ಷೆಯನ್ನೂ ಹಾಕಿಸಿ, ಆಮೇಲೆ ಟೇಪು ಹಿಡಿಯಿರಿ. ಆ ಅಳತೆಗೆ ಕೋರಾ ಬಟ್ಟೆಯಲ್ಲಿ ಒಂದು ಪೂರ್ತಿ ಕುಪ್ಪಸ ಹೊಲಿದು ತೊಡಿಸಿ ನೋಡಿ, ತಿದ್ದಿ, ಬೇಕಾದರೆ ಎರಡನೆಯದನ್ನೂ ಹೊಲಿಯಿರಿ. ತಿದ್ದಿದ ಕೋರಾ ಕುಪ್ಪಸವನ್ನು ಬಿಚ್ಚಿದರೆ ಅದೇ ನಿಮ್ಮ ನಮೂನೆ. ಕುಪ್ಪಸ ಹಿಂದೆ ತೆರೆಯುವಂತಿರಲಿ, ಆ ದಶಕದಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತಿತ್ತು. ಕೊರಳು, ತೋಳಿನ ಬಾಯಿ, ಸೊಂಟದ ಚೂಪು ಇವುಗಳ ಅಂಚಿಗೆ ಅದೇ ರೇಷ್ಮೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯಲ್ಲಿ ಸಣ್ಣ ಹುರಿ ಇಟ್ಟು ಪೈಪಿಂಗ್ ಕೊಡಿ. ಆ ಕಾಲದ ಛಾಪು ಮೂಡುವುದು ಈ ಪೈಪಿಂಗಿನಿಂದ.

ಲಂಗದ ನೆರಿಗೆ ನಾವು ಸೀರೆಗೆ ಹಿಡಿಯುವಂತೆ ಮಡಿಸಿ ಒತ್ತುವ ನೆರಿಗೆಯಲ್ಲ. ಬಟ್ಟೆಯ ಮೇಲಂಚನ್ನು ಒಳಕ್ಕೆ ಮಡಿಸಿ, ಗಟ್ಟಿ ದಾರದಲ್ಲಿ ಎರಡು ಸಾಲು ದೊಡ್ಡ ಹೊಲಿಗೆಯನ್ನು ಒಂದರ ಕೆಳಗೆ ಒಂದು ಕರಾರುವಾಕ್ಕಾಗಿ ಬರುವಂತೆ ಹಾಕಿ, ಎರಡೂ ದಾರಗಳನ್ನು ಒಟ್ಟಿಗೆ ಎಳೆಯಬೇಕು. ಆಗ ಬಟ್ಟೆ ಸಣ್ಣ ಸಣ್ಣ ಕೊಳವೆಗಳಂತೆ ಸಾಲಾಗಿ ಎದ್ದು ನಿಲ್ಲುತ್ತದೆ. ಆ ಒಂದೊಂದು ಕೊಳವೆಯ ತುದಿಯನ್ನೂ ಎರಡೆರಡು ಹೊಲಿಗೆಯಿಂದ ಸೊಂಟಪಟ್ಟಿಗೆ ಕಚ್ಚಿಸಿ. ಹೀಗೆ ಕೂರಿಸಿದ ನೆರಿಗೆ ಸೊಂಟದಲ್ಲಿ ದಪ್ಪವಾಗದೆ ತಕ್ಷಣವೇ ಹೊರಕ್ಕೆ ಚಿಮ್ಮುತ್ತದೆ. ರೇಷ್ಮೆ ತೆಳ್ಳಗಿದ್ದರೆ ಮಡಿಕೆಯೊಳಗೆ ಫ್ಲ್ಯಾನೆಲ್ ಪಟ್ಟಿ ಇಟ್ಟು ಹೊಲಿಯಿರಿ. ಸಾಲುಗಳು ಒಂದು ನೂಲಿನಷ್ಟು ಜಾರಿದರೂ ಕೊಳವೆ ಸೊಟ್ಟಗಾಗುವುದರಿಂದ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟುಕೊಳ್ಳುವುದು ಲೇಸು; ರಂಗೋಲಿ ಹಾಕುವ ಕೈಗೆ ಚುಕ್ಕಿಯ ಶಿಸ್ತನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಮದುವೆಗೆ ಬಿಳಿ ಗೌನು ತೊಡುವ ಪದ್ಧತಿಯನ್ನು ವಿಕ್ಟೋರಿಯಾ ರಾಣಿಯೇ ಆರಂಭಿಸಿದಳೆಂದು ಎಲ್ಲೆಡೆ ಓದುತ್ತೇನೆ. ಇದು ನಿಜವೇ?
— ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಆರಂಭಿಸಿದಳೆನ್ನುವುದು ತಪ್ಪು, ಹರಡಿಸಿದಳೆನ್ನುವುದು ಸರಿ. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲಿ ಪ್ಯಾರಿಸ್ಸಿನಲ್ಲಿ ಬಿಳಿಯನ್ನೇ ತೊಟ್ಟು ಮದುವೆಯಾಗಿದ್ದಳು. ಆದರೂ ರಾಜಮನೆತನದ ವಧುಗಳಿಗೆ ಜರಿಯ ಮಿನುಗು ಸಲ್ಲುತ್ತದೆಂಬ ಭಾವನೆ ಬಲವಾಗಿತ್ತು. 1816ರಲ್ಲಿ ರಾಜಕುಮಾರಿ ಷಾರ್ಲೆಟ್ ತೊಟ್ಟದ್ದು ಬೆಳ್ಳಿಜರಿಯ ಗೌನು. 1840ರ ಫೆಬ್ರುವರಿ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಚಾಪೆಲ್‌ನಲ್ಲಿ ವಿಕ್ಟೋರಿಯಾ ಆಲ್ಬರ್ಟನ ಕೈಹಿಡಿದಾಗ ಆಕೆಯ ತಲೆಯ ಮೇಲೆ ಕಿರೀಟವಿರಲಿಲ್ಲ, ಕಿತ್ತಳೆ ಹೂವಿನ ದಂಡೆಯಿತ್ತು. ಗೌನಿನ ಸ್ಯಾಟಿನ್ ರೇಷ್ಮೆಯನ್ನು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ನೇಯ್ದಿದ್ದರು. ಲೇಸಿನ ವಿನ್ಯಾಸವನ್ನು ಚಿತ್ರಕಾರ ವಿಲಿಯಂ ಡೈಸ್ ರೂಪಿಸಿದ್ದನು. ಡೆವನ್ ಕಡಲತೀರದ ಬಿಯರ್ ಹಳ್ಳಿಯಲ್ಲಿ ಮತ್ತು ಅದರ ಸುತ್ತಮುತ್ತ ಇನ್ನೂರಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು ಅದನ್ನು ಕೈಯಲ್ಲಿ ಹೆಣೆದಿದ್ದರು. ಕೆಲಸ ಮುಗಿದ ಮೇಲೆ ಯಾರೂ ನಕಲು ಮಾಡದಂತೆ ಆ ನಮೂನೆಯನ್ನು ನಾಶಪಡಿಸಲಾಯಿತು.

ಆ ಆಯ್ಕೆಯಲ್ಲಿ ಅಂದಕ್ಕಿಂತ ಮಿಗಿಲಾದ ಉದ್ದೇಶವಿತ್ತೆಂದು ನನಗೆ ಅನ್ನಿಸುತ್ತದೆ. ಯಂತ್ರದ ಜಾಲರಿ ಬಂದು ಕೈಲೇಸಿನವರ ಅನ್ನಕ್ಕೆ ಕುತ್ತು ಬಂದಿದ್ದ ಕಾಲವದು. ಜಾನ್ ಹೀತ್‌ಕೋಟ್ ಎಂಬಾತ ಜಾಲರಿ ಹೆಣೆಯುವ ಯಂತ್ರವನ್ನು ರೂಪಿಸಿ, 1816ರಲ್ಲಿ ತನ್ನ ಕಾರ್ಖಾನೆಯನ್ನು ಡೆವನ್ನಿನ ಟಿವರ್ಟನ್ನಿಗೇ ತಂದಿದ್ದನು. ರಾಣಿಯೊಬ್ಬಳು ಸ್ವದೇಶದ ರೇಷ್ಮೆಯನ್ನೂ ಸ್ವದೇಶದ ಕೈಲೇಸನ್ನೂ ಧರಿಸಿದ್ದರಿಂದ ಆ ಕಸುಬುಗಳಿಗೆ ಮರ್ಯಾದೆ ಬಂತು, ಬೇಡಿಕೆಯೂ ಬಂತು. ಲೇಸು ಚೆನ್ನಾಗಿ ಎದ್ದು ಕಾಣುವುದು ಸರಳವಾದ ಬಿಳಿಯ ಮೇಲೆ ಎಂಬುದನ್ನೂ ಮರೆಯುವಂತಿಲ್ಲ. ಮುಸುಕಿನ ಹೂಬಳ್ಳಿಗಳನ್ನು ಕೈಯಲ್ಲಿ ಹೆಣೆದು ಕೂರಿಸಿದ್ದು ಯಂತ್ರದ ಜಾಲರಿಯ ಮೇಲೆ. ಕೈ ಮತ್ತು ಯಂತ್ರ ಒಂದೇ ಉಡುಪಿನಲ್ಲಿ ಸೇರಿದ್ದವು.

ಸಾಮಾನ್ಯ ಮನೆಗಳ ವಧುಗಳು ಮಾತ್ರ ಆಮೇಲೂ ಬಹಳ ಕಾಲ ಕಂದು, ನೀಲಿ, ಬೂದು ಬಣ್ಣದ ಗೌನುಗಳನ್ನೇ ತೊಟ್ಟರು, ಏಕೆಂದರೆ ಅದೇ ಗೌನು ಮುಂದೆ ಭಾನುವಾರದ ಚರ್ಚಿಗೂ ನೆಂಟರ ಮನೆಗೂ ಆಗಬೇಕಿತ್ತು. ಹೀಗಾಗಿ ವಿಕ್ಟೋರಿಯಾ ಮಾದರಿ ಎಂದ ಮಾತ್ರಕ್ಕೆ ಬಿಳಿಯೇ ಆಗಬೇಕಿಲ್ಲ. ರಾಣಿಯ ಮದುವೆಯದೆಂದು ಹಂಚಿಕೊಳ್ಳುವ ಫೋಟೊವನ್ನು ನೀವು ನೋಡಿರಬಹುದು. ಅದು 1854ರಲ್ಲಿ ದರ್ಬಾರಿನ ಉಡುಪಿನಲ್ಲಿ ತೆಗೆಸಿಕೊಂಡದ್ದು.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನಮ್ಮ ಕ್ರೈಸ್ತ ಕುಟುಂಬದ ಹುಡುಗಿಯೊಬ್ಬಳು ಮೇ ತಿಂಗಳ ಮದುವೆಗೆ ವಿಕ್ಟೋರಿಯನ್ ಗೌನು ಬೇಕೆಂದು, ಪೂರ್ತಿ ಕೈಹೊಲಿಗೆಯೇ ಆಗಬೇಕೆಂದು ಹೇಳಿದ್ದಾಳೆ. ಮಿಷನ್ ಮುಟ್ಟಲೇಬಾರದೇ? ರೇಷ್ಮೆ ಯಾವುದು ತರಲಿ? ಸೆಕೆಗೆ ಏನು ಮಾಡಲಿ?
— ಮಂಗಳೂರಿನ ಹೊಲಿಗೆಯವರು

ಉತ್ತರ: ಎಲಿಯಾಸ್ ಹೋ ಹೊಲಿಗೆ ಮಿಷನ್ನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ. ಆದುದರಿಂದ 1860ರ ನಂತರದ ಮಾದರಿಯಾದರೆ ಲಂಗದ ಉದ್ದ ಹೊಲಿಗೆಗಳಿಗೆ ಮಿಷನ್ ಬಳಸುವುದು ಆ ಕಾಲಕ್ಕೆ ಸಲ್ಲುವ ಕ್ರಮವೇ; ಹೆಮ್ಮಿಂಗ್, ಪೈಪಿಂಗ್ ಕೂರಿಸುವುದು, ಹುಕ್ಕು, ಕಾಜ, ಲೇಸು ಇವು ಕೈಯಲ್ಲೇ ಆಗಬೇಕು. 1840ರ ದಶಕದ್ದಾದರೆ ಪೂರ್ತಿ ಕೈಹೊಲಿಗೆಯೇ ಪ್ರಾಮಾಣಿಕ. ಇದನ್ನು ಹುಡುಗಿಯ ಮನೆಯವರಿಗೆ ಮೊದಲೇ ವಿವರಿಸಿ, ಕೂಲಿಯನ್ನು ಉಡುಪಿನ ಲೆಕ್ಕದಲ್ಲಿ ಹೇಳದೆ ಗಂಟೆಗಳ ಲೆಕ್ಕದಲ್ಲಿ ಬರೆದುಕೊಡಿ. ಕೈಹೊಲಿಗೆಯ ಕೂಲಿಯನ್ನು ಅಂದಾಜಿನಲ್ಲಿ ಹೇಳಿದವರು ನಷ್ಟಪಡುವುದನ್ನು ನಾನು ತುಂಬ ಕಂಡಿದ್ದೇನೆ, ಆ ನಷ್ಟವನ್ನು ತುಂಬುವುದು ಹೊಲಿಯುವ ಹೆಣ್ಣುಮಕ್ಕಳ ನಿದ್ರೆ. ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಿಕ್ಕು ಬೀಳುವುದಿಲ್ಲ.

ಮೈಸೂರು ರೇಷ್ಮೆಯ ಮೇಲೆ ನಮಗೆಲ್ಲ ಅಭಿಮಾನವಿದೆ, ಆದರೆ ಆ ಸೀರೆಯ ಕ್ರೇಪ್ ಮೈಗೆ ಹೊಂದಿ ಇಳಿಬೀಳುವ ಬಟ್ಟೆ. ಈ ಗೌನಿಗೆ ಎದ್ದು ನಿಲ್ಲುವ ಬಟ್ಟೆ ಬೇಕು. ಬೆಂಗಳೂರಿನ ಮಗ್ಗಗಳಲ್ಲಿ ನೇಯುವ ಟ್ಯಾಫೆಟಾ ರೇಷ್ಮೆ ಇದಕ್ಕೆ ಬಲು ಚೆನ್ನ. ಕೈಯಲ್ಲಿ ಹಿಸುಕಿದರೆ ಒಣ ಎಲೆಯಂತೆ ಸದ್ದು ಮಾಡುತ್ತದೆ, ಮಡಿಸಿದ ಕಡೆ ನಿಲ್ಲುತ್ತದೆ. ಡೂಪಿಯಾನ್‌ನಲ್ಲಿ ನೂಲಿನ ಗಂಟುಗಳು ಕಾಣುತ್ತವೆ. ಆ ಕಾಲದ ಒಳ್ಳೆಯ ಗೌನಿನ ರೇಷ್ಮೆ ನುಣುಪಾಗಿರುತ್ತಿದ್ದುದರಿಂದ ಅದು ಬೇಡ. ಸ್ಯಾಟಿನ್ ಸುಂದರ, ಆದರೆ ತಪ್ಪನ್ನು ಕ್ಷಮಿಸುವುದಿಲ್ಲ. ನಾನು ಹೊಲಿದ ಮೊದಲ ಸ್ಯಾಟಿನ್ ಗೌನಿನಲ್ಲಿ ಎದೆಯ ಡಾರ್ಟನ್ನು ಬಿಚ್ಚಿ ಅರ್ಧ ಇಂಚು ಸರಿಸಬೇಕಾಯಿತು. ಹಳೆಯ ಸೂಜಿತೂತುಗಳು ಇಸ್ತ್ರಿಗೂ ಹೋಗಲಿಲ್ಲ, ಹಬೆಗೂ ಹೋಗಲಿಲ್ಲ. ಮುಂಭಾಗದ ಎರಡು ತುಂಡುಗಳನ್ನೂ ಹೊಸದಾಗಿ ಕತ್ತರಿಸಬೇಕಾಯಿತು. ಅಂದಿನಿಂದ ಕೋರಾ ಕುಪ್ಪಸ ಸರಿಹೋಗುವ ತನಕ ರೇಷ್ಮೆಯ ಥಾನನ್ನು ಬಿಚ್ಚುವುದೇ ಇಲ್ಲ.

ಮೇ ತಿಂಗಳ ಮಂಗಳೂರಿಗೆ ಒಳಗಿನ ಬಟ್ಟೆಯೆಲ್ಲ ಹತ್ತಿಯೇ ಆಗಿರಲಿ. ಲೆಹೆಂಗಾಕ್ಕೆ ಹಾಕುವ ನೈಲಾನ್ ಕ್ಯಾನ್‌ಕ್ಯಾನ್ ಇಲ್ಲಿ ಬೇಡವೇ ಬೇಡ, ಅದು ಗಾಳಿಯಾಡಗೊಡುವುದಿಲ್ಲ, ಬೆವರಿದ ಕಾಲನ್ನು ಕೆರೆಯುತ್ತದೆ. ಆ ಕಾಲದವರು ಒಳಲಂಗದ ಕೆಳಭಾಗದಲ್ಲಿ ಸಾಲು ಸಾಲಾಗಿ ಸಣ್ಣ ಮಡಿಕೆ ಹಿಡಿದು, ಒಂದೊಂದು ಮಡಿಕೆಯೊಳಗೂ ಹತ್ತಿಯ ಹುರಿ ಸೇರಿಸಿ ಹೊಲಿದು, ಗಂಜಿ ಹಾಕಿ ಒಣಗಿಸುತ್ತಿದ್ದರು. ಅಕ್ಕಿಗಂಜಿ ನಮ್ಮ ಮನೆಗಳಲ್ಲೇ ಇದೆ. ಹೀಗೆ ಹುರಿ ಸೇರಿಸಿದ ಒಂದು ಲಂಗ, ಅದರ ಮೇಲೆ ಗಂಜಿ ಹಾಕಿದ ತೆಳು ಹತ್ತಿಯ ಎರಡು ಲಂಗ ಇದ್ದರೆ ಗಂಟೆಯ ಆಕಾರ ತಾನಾಗಿ ಬರುತ್ತದೆ. ಕಂಕುಳಿಗೆ ಬಿಚ್ಚಿ ತೊಳೆಯಬಹುದಾದ ಹತ್ತಿಯ ಮೆತ್ತೆ ಇಡಿ. ಚರ್ಚಿನ ವಿಧಿ ಮುಗಿದ ಮೇಲೆ ಹೇಗೂ ನಿಮ್ಮ ಕಡೆಯ ಕ್ರೈಸ್ತ ವಧುಗಳು ಉಡುವ ಸಾಡೊ ಸೀರೆಗೆ ಬದಲಾಯಿಸುವುದಾದರೆ ಗೌನನ್ನು ತೊಡುವ ಹೊತ್ತು ಮೂರು ನಾಲ್ಕು ಗಂಟೆ ಮೀರದು.

ಒಂದು ಧೈರ್ಯದ ಮಾತನ್ನೂ ಸೇರಿಸುತ್ತೇನೆ. ನೀವು ದಿನವೂ ಕತ್ತರಿಸುವ ಪ್ರಿನ್ಸೆಸ್ ಕಟ್ ರವಿಕೆಯ ಮೂಲ 1870ರ ದಶಕದ ಯುರೋಪಿನ ಗೌನುಗಳಲ್ಲಿದೆ, ಭುಜದಿಂದ ಕೆಳಗಿನವರೆಗೆ ಸೊಂಟದಲ್ಲಿ ತುಂಡಾಗದ ಉದ್ದ ಹೊಲಿಗೆ ಅದು. ಹುಡುಗಿ ಆ ದಶಕದ ಮಾದರಿಗೆ ಒಪ್ಪಿದರೆ ನಿಮ್ಮ ಕೈಗೆ ಅರ್ಧ ಕೆಲಸ ಆಗಲೇ ಬರುತ್ತದೆ.

ಪ್ರಶ್ನೆ: ಕಾರ್ಸೆಟ್ ಇಲ್ಲದೆ ಇಂಥ ಗೌನು ತೊಡಲಾಗದೇ? ಉಸಿರು ಕಟ್ಟುತ್ತದೆಂಬ ಭಯ ನನಗೆ.
— ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಅಳತೆಗೇ ಹೊಲಿದ, ಮಿತವಾಗಿ ಬಿಗಿದ ಕಾರ್ಸೆಟ್ ಉಸಿರು ಕಟ್ಟಿಸುವುದಿಲ್ಲ. ಲಂಗಗಳ ಭಾರ ಸೊಂಟದ ಒಂದೇ ಗೆರೆಯನ್ನು ಕೊರೆಯದಂತೆ ಹಂಚುವುದು ಅದರ ಮುಖ್ಯ ಕೆಲಸ. ಸೊಂಟವನ್ನು ಒಂದೆರಡು ಇಂಚಿಗಿಂತ ಹೆಚ್ಚು ಕುಗ್ಗಿಸಲು ಹೋಗಬೇಡಿ. ಮದುವೆಗೆ ಮುಂಚೆ ಎರಡು ವಾರ ದಿನಕ್ಕೊಂದು ಗಂಟೆ ತೊಟ್ಟು ಓಡಾಡಿ, ಕುಳಿತು ಊಟ ಮಾಡಿ, ಬಗ್ಗಿ ಎದ್ದು ನೋಡಿ. ಉಬ್ಬಸವಿರುವವರು, ಗರ್ಭಿಣಿಯರು ಇದನ್ನು ಬಿಟ್ಟುಬಿಡಲಿ. ಅಂಥವರಿಗೆ ಕುಪ್ಪಸದ ಅಸ್ತರಿನಲ್ಲೇ ನಾಲ್ಕಾರು ಪಟ್ಟಿ ಹೆಚ್ಚಾಗಿ ಇಟ್ಟು ಹೊಲಿದರೆ ಸಾಕು.

ಪ್ರಶ್ನೆ: ಮಿಷನರಿಗಳ ಶಾಲೆಯಲ್ಲಿ ಕಲಿತ ನನ್ನ ಅಜ್ಜಿ ಬಿಟ್ಟುಹೋದ ಎರಡು ಗಜದಷ್ಟು ಹಳೆಯ ಕೈಲೇಸು ನಮ್ಮಲ್ಲಿದೆ. ಮೊಮ್ಮಗಳ ಗೌನಿಗೆ ಅದನ್ನು ಬಳಸಬಹುದೇ? ಮದುವೆಯಾದ ಮೇಲೆ ಗೌನನ್ನು ಹೇಗೆ ಕಾಪಾಡಬೇಕು?
— ಮೈಸೂರಿನ ಓದುಗರು

ಉತ್ತರ: ಖಂಡಿತ ಬಳಸಿ, ಕತ್ತರಿ ಮಾತ್ರ ತಾಗಿಸಬೇಡಿ. ದಕ್ಷಿಣ ಭಾರತದಲ್ಲಿ ಈ ಕಸುಬು ಬೇರೂರಿದ್ದು ಮಿಷನರಿಗಳ ಶಾಲೆಗಳಿಂದ. ನಾಗರಕೋಯಿಲ್‌ನಲ್ಲಿ ಮಾರ್ಥಾ ಮಾಲ್ಟ್ 19ನೇ ಶತಮಾನದ ಮೊದಲ ಭಾಗದಲ್ಲೇ ಹೆಣ್ಣುಮಕ್ಕಳಿಗೆ ಇದನ್ನು ಕಲಿಸತೊಡಗಿದ್ದರು. ದಿಂಬಿನ ಮೇಲೆ ನಮೂನೆಯ ಕಾಗದವಿಟ್ಟು, ಗುಂಡುಸೂಜಿಗಳನ್ನು ಚುಚ್ಚಿ, ಮರದ ಸಣ್ಣ ಕಡ್ಡಿಗಳಿಗೆ ಸುತ್ತಿದ ನೂಲುಗಳನ್ನು ಒಂದರ ಮೇಲೊಂದು ದಾಟಿಸಿ ತಿರುಚಿ ಹೆಣೆದ ಲೇಸನ್ನು ಭೂತಗನ್ನಡಿಯಲ್ಲಿ ನೋಡಿದರೆ ನೂಲು ಜಡೆಯಂತೆ ಹೆಣೆದುಕೊಂಡಿರುವುದು ಕಾಣುತ್ತದೆ. ಆ ಲೇಸಿನಲ್ಲಿ ಹೆಣೆದ ಎರಡು ಎಲೆಗಳು ಎಂದೂ ತದ್ರೂಪವಾಗಿರುವುದಿಲ್ಲ.

ಲೇಸು ಕೆನೆಬಣ್ಣಕ್ಕೆ ತಿರುಗಿದ್ದರೆ ಬ್ಲೀಚ್ ಹಾಕಿ ಬೆಳ್ಳಗಾಗಿಸಲು ಹೋಗದೆ, ಅದರ ಬಣ್ಣಕ್ಕೆ ಹೊಂದುವ ರೇಷ್ಮೆಯನ್ನೇ ಆರಿಸಿ. ಸಣ್ಣ ಸೂಜಿಯಲ್ಲಿ, ಒಂದೆಳೆ ತೆಳು ಹತ್ತಿದಾರದಲ್ಲಿ, ಒಂದು ಕಡೆ ಎಳೆದರೆ ಬಿಚ್ಚಿಬರುವಂಥ ಸಡಿಲ ಹೊಲಿಗೆ ಹಾಕಿ ಕೂರಿಸಿ. ರೇಷ್ಮೆ ಹರಿದರೂ ಲೇಸು ಉಳಿಯಬೇಕು. ಆ ಕಾಲದಲ್ಲಿಯೂ ಲೇಸನ್ನು ಒಡವೆಯಂತೆ ಬಿಚ್ಚಿ ಮತ್ತೆ ಮತ್ತೆ ಬಳಸುತ್ತಿದ್ದರು. ವಿಕ್ಟೋರಿಯಾ ತನ್ನ ಮದುವೆಯ ಲೇಸನ್ನು ಮುಂದೆ ಹಲವು ಬಾರಿ ತೊಟ್ಟಳು, 1885ರಲ್ಲಿ ಮಗಳು ಬಿಯಾಟ್ರಿಸ್‌ಳ ಮದುವೆಗೂ ಕೊಟ್ಟಳು. 1841ರಲ್ಲಿ ಆಕೆಯ ಮೊದಲ ಮಗುವಿನ ನಾಮಕರಣಕ್ಕೆ ಹೋನಿಟನ್ ಲೇಸಿನಲ್ಲಿ ಮಾಡಿಸಿದ ಅಂಗಿಯನ್ನು ಆ ಮನೆತನದ ಕೂಸುಗಳಿಗೆ 2004ರವರೆಗೂ ತೊಡಿಸುತ್ತ ಬಂದರು. ನಿಮ್ಮ ಎರಡು ಗಜ ಕೊರಳಿಗೂ ಎರಡು ತೋಳುಗಳ ತುದಿಗೂ ಸಾಲದೆ ಹೋದರೆ ತುಂಡು ಮಾಡದೆ, ಕೊರಳಿನ ಸುತ್ತ ಇಳಿಬೀಳುವ ಒಂದೇ ಪಟ್ಟಿಯಾಗಿ ಇಡಿ.

ಕಾಪಾಡುವ ವಿಷಯಕ್ಕೆ ಬಂದರೆ, ಮದುವೆಯ ವಾರದಲ್ಲೇ ಕಲೆಗಳನ್ನು ತೋರಿಸಿ ಅನುಭವಿಗಳಿಂದ ಶುಚಿ ಮಾಡಿಸಿ. ಹಣ್ಣಿನ ರಸದ, ಪಾನಕದ ಕಲೆ ಅಂದು ಕಾಣದಿದ್ದರೂ ತಿಂಗಳುಗಳ ಮೇಲೆ ಕಂದಾಗಿ ಎದ್ದುಬರುತ್ತದೆ. ಭಾರವಾದ ಗೌನನ್ನು ಹ್ಯಾಂಗರಿಗೆ ತೂಗುಹಾಕಿದರೆ ಭುಜದ ಹೊಲಿಗೆ ಜಗ್ಗುತ್ತದೆ. ಕುಪ್ಪಸದ ಲೋಹದ ಹುಕ್ಕುಗಳು ರೇಷ್ಮೆಗೆ ತಾಗದಂತೆ ನಡುವೆ ಬಟ್ಟೆ ಇಟ್ಟು, ಒಗೆದು ಗಂಜಿ ಪೂರ್ತಿ ತೆಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಮಲಗಿಸಿಡಿ. ಗಂಜಿ ಉಳಿದರೆ ಹುಳು ಬರುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ನೇರವಾಗಿ ತಾಗುವುದೂ ಬೇಡ. ನಿಮ್ಮ ಮನೆಯ ರೇಷ್ಮೆ ಸೀರೆಗಳನ್ನು ನಾಲ್ಕೈದು ತಿಂಗಳಿಗೊಮ್ಮೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡುತ್ತೀರಲ್ಲವೇ? ಅದೇ ದಿನ ಈ ಗೌನನ್ನೂ ಹೊರಗೆ ತೆಗೆದು ಹಳೆಯ ಮಡಿಕೆಯ ಗೆರೆಗಳನ್ನು ತಪ್ಪಿಸಿ ಮತ್ತೆ ಮಡಿಸಿ, ಮಡಿಕೆಯೊಳಗೆ ಮೆತ್ತನೆಯ ಬಟ್ಟೆಯ ಸುರುಳಿ ಇಡಿ.